ಹಾಲು ಬಿಡಿಸೋದು ಯಾವಾಗ? ಗದಗದ ಒಂದು ಮನೆಯ ಪ್ರಕರಣ

ಗದಗ-ಬೆಟಗೇರಿಯ ಒಂದು ಮನೆ. ತಾಯಿಗೆ 29 ವರ್ಷ, ಚೊಚ್ಚಲ ಹೆರಿಗೆ, ಹೆಣ್ಣು ಮಗು. ನನ್ನ ಹತ್ತಿರ ಬಂದಾಗ ಮಗುವಿಗೆ 14 ತಿಂಗಳು ತುಂಬಿತ್ತು. ನಾನು ಹುಬ್ಬಳ್ಳಿಯಲ್ಲಿ ತಾಯಿ-ಮಕ್ಕಳ ಆಹಾರದ ಬಗ್ಗೆ ಸಲಹೆ ಕೊಡುವ ಕೆಲಸ ಮಾಡುತ್ತೇನೆ, ಡಾಕ್ಟರ್ ಅಲ್ಲ. ಆಕೆಯ ಒಪ್ಪಿಗೆ ತಗೊಂಡೇ ಇದನ್ನು ಬರೆಯುತ್ತಿದ್ದೇನೆ, ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ.

ಆಕೆ ಕೇಳಿದ್ದು ಇಷ್ಟೇ: ಎದೆಹಾಲು ಈಗಲೇ ಬಿಡಿಸಬೇಕಾ, ಎರಡು ವರ್ಷದ ತನಕ ಕುಡಿಸಬೇಕಾ?

ಮನೆಯಲ್ಲಿ ಇದಕ್ಕೆ ಆಗಲೇ ಬೇಕಾದಷ್ಟು ಉತ್ತರಗಳಿದ್ದವು. ಅತ್ತೆಯದು, "ವರ್ಷ ತುಂಬಿದ ಮ್ಯಾಲೆ ಹಾಲಿನಾಗ ಏನೂ ಇರಂಗಿಲ್ಲ, ಬರೀ ನೀರು. ಅದನ್ನ ಕುಡದ ಕೂಸು ಊಟ ಬಿಟ್ಟೈತಿ." ತವರುಮನೆ ಬ್ಯಾಡಗಿ ಕಡೆ, ಅಲ್ಲಿ ಅವ್ವ ಹೇಳೋದು ಇದರ ಉಲ್ಟಾ: "ನೀನ ಮೂರು ವರ್ಷ ಕುಡದೀ, ನಿನಗೇನಾಗೇತಿ?" ಆಫೀಸಿನ ಗೆಳತಿ ಆರು ತಿಂಗಳಿಗೇ ನಿಲ್ಲಿಸಿದವಳು. ಗಂಡ ಯಾರು ಕೊನೆಗೆ ಮಾತಾಡುತ್ತಾರೋ ಅವರ ಪಾರ್ಟಿ. ಮಗು ಮಾತ್ರ ಸೊರಗುತ್ತಿತ್ತು, ಇದನ್ನು ಎಲ್ಲರೂ ಒಪ್ಪುತ್ತಿದ್ದರು.

ಸೊರಗಿದ್ದು ನಿಜವೇ. ಲಸಿಕೆ, ತೂಕ ಬರೆದಿಡುವ ತಾಯಿ ಕಾರ್ಡನ್ನು ಆಕೆ ತಂದಿದ್ದರು. 9 ತಿಂಗಳ ಲಸಿಕೆ ಹಾಕಿಸುವಾಗ ತೂಕ 7.4 ಕಿಲೋ, ವರ್ಷಕ್ಕೆ 7.8, ಈಗ 7.9. ಆ ವಯಸ್ಸಿನ ಹೆಣ್ಣುಮಕ್ಕಳ ಸರಾಸರಿ ಸುಮಾರು 9.4 ಕಿಲೋ. 7.4ಕ್ಕಿಂತ ಕೆಳಗಿಳಿದರೆ ಕಡಿಮೆ ತೂಕ ಅಂತ ಲೆಕ್ಕ. ಅಂದರೆ ಮಗು ಇನ್ನೂ ಆ ಮಿತಿಯ ಮೇಲೇ ಇತ್ತು, ಆದರೆ ಎರಡು ತಿಂಗಳಿಂದ ಕಾರ್ಡಿನಲ್ಲಿ ತೂಕದ ಗೆರೆ ಮೇಲಕ್ಕೆ ಏರಿಲ್ಲ. ಒಂದು ದಿನದ ತೂಕ ನೋಡಿ ನಾನು ಹೆದರುವುದಿಲ್ಲ, ಹೀಗೆ ಮಲಗಿದ ಗೆರೆ ಕಂಡರೆ ಹೆದರುತ್ತೇನೆ. ಕಣ್ಣ ರೆಪ್ಪೆ ಕೆಳಗೆ ಎಳೆದು ನೋಡಿದರೆ ಬಿಳುಪು. ಮಕ್ಕಳ ಡಾಕ್ಟರ ಹತ್ತಿರ ಕಳಿಸಿದೆ. ರಕ್ತಪರೀಕ್ಷೆಯಲ್ಲಿ ಮಗುವಿನ ಹಿಮೋಗ್ಲೋಬಿನ್ 9.2 ಬಂತು, ತಾಯಿಯದು 10.1. ಇಬ್ಬರದೂ ಕಡಿಮೆ.

ಪುಸ್ತಕದ ಮಾತನ್ನು ಇಲ್ಲೇ ಮುಗಿಸಿಬಿಡೋಣ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು: ಹುಟ್ಟಿದ ಒಂದು ಗಂಟೆಯೊಳಗೆ ಹಾಲೂಡಿಸಲು ಶುರು ಮಾಡಿ, ಆರು ತಿಂಗಳು ಬರೀ ಎದೆಹಾಲು, ಆಮೇಲೆ ಊಟದ ಜೊತೆ ಎರಡು ವರ್ಷ ಅಥವಾ ಅದಕ್ಕೂ ಜಾಸ್ತಿ. ನಮ್ಮ ದೇಶದ ಸರ್ಕಾರಿ ಸಲಹೆಯೂ ಇದೇ. ಎರಡು ವರ್ಷ ಅನ್ನೋದು ಕೊನೇ ತಾರೀಖಲ್ಲ, ಹಾಗಂತ ಅಷ್ಟು ದಿನ ಕುಡಿಸದ ತಾಯಿ ತಪ್ಪು ಮಾಡಿದಳು ಅಂತಲೂ ಅಲ್ಲ. ವರ್ಷದ ಮೇಲೆ ಹಾಲು ನೀರಾಗುತ್ತದೆ ಅನ್ನೋದು ಸುಳ್ಳು. ಎರಡನೇ ವರ್ಷದಲ್ಲೂ ಮಗುವಿಗೆ ಬೇಕಾದ ಶಕ್ತಿಯಲ್ಲಿ ಮೂರರಲ್ಲೊಂದು ಪಾಲು ಎದೆಹಾಲಿನಿಂದಲೇ ಸಿಗಬಹುದು, ಕೊಬ್ಬು, ವಿಟಮಿನ್ ಎ, ರೋಗ ತಡೆಯುವ ಅಂಶ ಎಲ್ಲಾ ಅದರಲ್ಲಿ ಇರುತ್ತವೆ. ಒಂದು ಮಾತ್ರ ಸಾಲದು, ಕಬ್ಬಿಣದ ಅಂಶ. ಹುಟ್ಟುವಾಗ ತಾಯಿಯಿಂದ ತಂದುಕೊಂಡ ಕಬ್ಬಿಣ ಆರು ತಿಂಗಳ ಹೊತ್ತಿಗೆ ಕರಗುತ್ತಾ ಬರುತ್ತದೆ, ಅಲ್ಲಿಂದ ಮುಂದೆ ಊಟದಿಂದ ಬರಬೇಕು. ತಾಯಿಗೂ ಲಾಭ ಇದೆ. 2002ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ 30 ದೇಶಗಳ 47 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ವರದಿ ಬಂತು. ಹಾಲೂಡಿಸಿದ ಪ್ರತಿ 12 ತಿಂಗಳಿಗೆ ಸ್ತನ ಕ್ಯಾನ್ಸರಿನ ಅಪಾಯ ಶೇ. 4.3ರಷ್ಟು ಇಳಿಯುತ್ತದೆ ಅಂತ ಅದರಲ್ಲಿತ್ತು.

ಇಷ್ಟು ಹೇಳಿ, "ಹಂಗಾದ್ರ ಎರಡು ವರ್ಷ ಕುಡಸ್ರಿ" ಅಂತ ಕಳಿಸಿಬಿಡಬಹುದಿತ್ತು. ಆದರೆ 7.9 ಕಿಲೋ ಮತ್ತು 9.2 ಹಿಮೋಗ್ಲೋಬಿನ್ ಎದುರಿಗಿಟ್ಟುಕೊಂಡು ಅಷ್ಟು ಹೇಳಿದರೆ ಸಾಕಾಗುತ್ತಾ?

ನೋಟ್‌ಬುಕ್‌ನಲ್ಲಿ ಸಿಕ್ಕಿದ್ದು

ಇಂಥ ಪ್ರಶ್ನೆ ಬಂದಾಗ ನಾನು ಮೊದಲು ಕೇಳೋದು ಮೂರು ದಿನದ ಬರವಣಿಗೆ. ಬೆಳಗಿಂದ ಮರುದಿನ ಬೆಳಗಿನವರೆಗೆ ಮಗುವಿನ ಬಾಯಿಗೆ ಹೋದದ್ದೆಲ್ಲಾ, ಹೊತ್ತಿನ ಸಮೇತ. ಹಗಲಿನದನ್ನು ಅತ್ತೆ ಹೇಳಿದರು, ಮೈದುನ ಬರೆದ. ರಾತ್ರಿಯದು ತಾಯಿಯದು. ಮೂರೂ ದಿನ ಹೆಚ್ಚುಕಮ್ಮಿ ಒಂದೇ ತರ.

ಬೆಳಿಗ್ಗೆ ಆರಕ್ಕೆ ಎದೆಹಾಲು. ಒಂಬತ್ತಕ್ಕೆ ಚಹಾದಲ್ಲಿ ಅದ್ದಿದ ಬಿಸ್ಕೀಟು. ಹತ್ತಕ್ಕೆ ಬಾಟಲಿ. ಹನ್ನೆರಡೂವರೆಗೆ ಬೇಳೆ ಕಟ್ಟಿನಲ್ಲಿ ಅನ್ನ ಕಲಸಿ ಎರಡು ಚಮಚ, ಮೂರನೇದು ಉಗುಳಿತು. ಒಂದು ಗಂಟೆಗೆ ಬಾಟಲಿ, ನಿದ್ದೆ. ನಾಲ್ಕಕ್ಕೆ ಮತ್ತೆ ಬಾಟಲಿ. ಐದಕ್ಕೆ ಬಿಸ್ಕೀಟು. ಏಳೂಕಾಲಿಗೆ ತಾಯಿ ಬಂದ ಕೂಡಲೇ ಎದೆಹಾಲು, ತುಂಬಾ ಹೊತ್ತು. ಒಂಬತ್ತಕ್ಕೆ ಎರಡು ತುತ್ತು. ಒಂಬತ್ತೂವರೆಗೆ ಎದೆ ಕಚ್ಚಿಕೊಂಡೇ ನಿದ್ದೆ. ಆಮೇಲೆ ಹನ್ನೆರಡು, ಎರಡೂವರೆ, ನಾಲ್ಕೂವರೆ.

ಎದೆಹಾಲು ಆರು ಸಲ. ಇದನ್ನು ಎಲ್ಲರೂ ಎಣಿಸಿಟ್ಟಿದ್ದರು. ಬಾಟಲಿ ಮೂರನ್ನು ಯಾರೂ ಎಣಿಸಿರಲಿಲ್ಲ. ಒಂದೊಂದು 200 ಮಿಲಿ. ಒಳಗೆ ಎಮ್ಮೆ ಹಾಲು, ಕೂಸಿಗೆ ಅರಗಲ್ಲ ಅಂತ ಅರ್ಧಕ್ಕರ್ಧ ನೀರು, ಮೇಲೆ ಸಕ್ಕರೆ. ಅಂದರೆ ಹಗಲೆಲ್ಲಾ ಮಗುವಿನ ಹೊಟ್ಟೆ ತುಂಬಿಸುತ್ತಿದ್ದದ್ದು ಸಿಹಿ ನೀರಹಾಲು. ಹೊಟ್ಟೆ ತುಂಬುತ್ತದೆ, ಬೇಕಾದಷ್ಟು ಶಕ್ತಿ ಸಿಗಲ್ಲ. ದನ-ಎಮ್ಮೆ ಹಾಲಿನಲ್ಲಿ ಕಬ್ಬಿಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಊಟದಲ್ಲಿರುವ ಕಬ್ಬಿಣ ಮೈಗೆ ಹತ್ತುವುದನ್ನೂ ಅದು ತಡೆಯುತ್ತದೆ. ಚಹಾ ಕೂಡ ಅದನ್ನೇ ಮಾಡುತ್ತದೆ. ವರ್ಷದ ಮೇಲೆ ಮೇಲುಹಾಲು ಕೊಡಬಹುದು, ಆದರೆ ದಿನಕ್ಕೆ ಎರಡು ಲೋಟದ ಒಳಗೆ, ಅದೂ ಊಟದ ಜಾಗ ತಿನ್ನದ ಹಾಗೆ.

ಹಾಗಿದ್ದರೂ ಬೈಗುಳ ಎದೆಹಾಲಿಗೇ ಯಾಕೆ? ಅತ್ತೆ ಕಣ್ಣಿಗೆ ಬೀಳುವ ದೃಶ್ಯ ಅದು. ಹಗಲೆಲ್ಲಾ ಊಟ ಬೇಡ ಅಂತ ಮುಖ ತಿರುಗಿಸಿದ ಮೊಮ್ಮಗಳು, ಸಂಜೆ ತಾಯಿ ಚಪ್ಪಲಿ ಬಿಡುವ ಮೊದಲೇ ಸೀರೆ ಎಳೆದು ಮೇಲೆ ಬೀಳುತ್ತಾಳೆ. ಯಾರಿಗಾದರೂ ಹಾಗೇ ಅನಿಸುತ್ತದೆ, ಅಲ್ವಾ?

ಇಲ್ಲಿ ಅತ್ತೆಯ ಪರವಾಗಿ ಒಂದು ಮಾತು ಹೇಳಲೇಬೇಕು. ಅರವತ್ತು ದಾಟಿದವರು, ಮಂಡಿನೋವು, ಬೆಳಗಿನಿಂದ ಸಂಜೆಯವರೆಗೆ ನಡೆಯಲು ಕಲಿತ ಮಗುವಿನ ಹಿಂದೆ ಓಡಬೇಕು. ಊಟ ಮಾಡಿಸಲು ಮುಕ್ಕಾಲು ಗಂಟೆ ಬೇಕು, ಬಾಟಲಿ ಐದು ನಿಮಿಷದಲ್ಲಿ ಮುಗಿಯುತ್ತದೆ. ಸೊಸೆ ಸಲಹೆ ಕೇಳಲು ಎಲ್ಲೆಲ್ಲೋ ಹೋದಳು, ಹಗಲು ಮಗು ನೋಡುವವರನ್ನು ಮಾತ್ರ ಯಾರೂ ಕೇಳಲಿಲ್ಲ. ಬಾಟಲಿ ಕೂಡ ಅವರು ಕೊಂಡದ್ದಲ್ಲ. ಮಕ್ಕಳ ಹಾಲಿನ ಪುಡಿ, ಬಾಟಲಿಗಳ ಮೇಲಿನ 1992ರ ಕಾಯ್ದೆಯಲ್ಲಿ ಹಾಲಿನ ಬಾಟಲಿಯ ಜಾಹೀರಾತು ಮಾಡುವುದಕ್ಕೇ ನಿಷೇಧ ಇದೆ, ಆದರೂ ಕೂಸು ನೋಡಲು ಬಂದವರ ಉಡುಗೊರೆ ಡಬ್ಬಿಯಲ್ಲಿ ಒಂದು ಬಾಟಲಿ ಇದ್ದೇ ಇರುತ್ತದೆ.

ಗದಗ-ಹುಬ್ಬಳ್ಳಿ ಓಡಾಟ

ಬಾಟಲಿ ಮನೆಗೆ ಬಂದ ದಾರಿಯೂ ಗೊತ್ತಿರಬೇಕು. ಆಕೆ ಹುಬ್ಬಳ್ಳಿಯ ಒಂದು ಖಾಸಗಿ ಆಫೀಸಿನಲ್ಲಿ ಲೆಕ್ಕ ಬರೆಯುತ್ತಾರೆ. ಗದಗದಿಂದ ಸುಮಾರು 58 ಕಿಲೋಮೀಟರ್, ದಿನಾ ರೈಲು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆದಮೇಲೆ ಹೆರಿಗೆ ರಜೆ 26 ವಾರ. ಅದು ಸಿಕ್ಕಿತು. ಬರೀ ಎದೆಹಾಲಿನ ಆರು ತಿಂಗಳು ಮತ್ತು ಈ 26 ವಾರ ಸರಿಯಾಗಿ ಹೊಂದುತ್ತವೆ, ಹೆರಿಗೆಗೆ ಮೊದಲೇ ರಜೆ ಶುರು ಮಾಡದಿದ್ದರೆ. ಈಕೆ ಮೂರು ವಾರ ಮೊದಲೇ ಹಾಕಿದ್ದರು, ಹಾಗಾಗಿ ಕೊನೆಗೆ ಅಷ್ಟು ಕೊರತೆ ಬಿತ್ತು.

ಕೆಲಸಕ್ಕೆ ಮರಳಿದ ಮೇಲೆ ಹಾಲು ಹಿಂಡಿ ಇಡುವ ಪ್ರಯತ್ನ ಮಾಡಿದರು. ಕಾಯ್ದೆಯಲ್ಲಿ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವು ಇದೆ. ಆದರೆ ಮಗು ಗದಗದಲ್ಲಿ, ತಾಯಿ ಹುಬ್ಬಳ್ಳಿಯಲ್ಲಿ ಇದ್ದರೆ ಆ ಬಿಡುವಿನಲ್ಲಿ ಏನು ಮಾಡೋದು? 50 ಅಥವಾ ಅದಕ್ಕೂ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತಲೂ ಇದೆ. ಇವರ ಆಫೀಸಿನಲ್ಲಿ ಅಷ್ಟು ಜನ ಇಲ್ಲ, ಇದ್ದಿದ್ದರೂ ಆ ರೈಲಿನ ನೂಕುನುಗ್ಗಲಿನಲ್ಲಿ ಯಾರು ದಿನಾ ಕೂಸನ್ನು ಎತ್ತಿಕೊಂಡು ಬರುತ್ತಾರೆ? ಬಿಡುವನ್ನು ಹಾಲು ಹಿಂಡಲು ಬಳಸಬಹುದಿತ್ತು, ಆದರೆ ಅಂಥದ್ದೊಂದು ಇದೆ ಅಂತಲೇ ಆಕೆಗೆ ಗೊತ್ತಿರಲಿಲ್ಲ. ಹಳೇ ಫೈಲುಗಳ ಕೋಣೆಯಲ್ಲಿ, ಚಿಲಕ ಇಲ್ಲದ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಹಿಂಡುತ್ತಿದ್ದರು. ಹಿಂಡಿದ ಹಾಲು ಹೊರಗಿಟ್ಟರೆ ನಾಲ್ಕು ಗಂಟೆ, ಅದೂ 25 ಡಿಗ್ರಿ ಒಳಗೆ. ಫ್ರಿಜ್‌ನಲ್ಲಾದರೆ ನಾಲ್ಕು ದಿನ. ಗದಗದ ಏಪ್ರಿಲ್ ಬಿಸಿಲಲ್ಲಿ 25 ಡಿಗ್ರಿ ಎಲ್ಲಿಂದ ಬರಬೇಕು? ಐಸ್ ಡಬ್ಬಿ ಇಲ್ಲದೆ ಸಂಜೆ ರೈಲಿನಲ್ಲಿ ತರುವುದು ಆಗದ ಮಾತು. ಮಗುವಿಗೆ ಹತ್ತು ತಿಂಗಳಾಗುವಷ್ಟರಲ್ಲಿ ಹಿಂಡುವುದು ನಿಂತಿತು. ಆ ಜಾಗಕ್ಕೆ ಎಮ್ಮೆ ಹಾಲಿನ ಬಾಟಲಿ ಬಂತು. ವರ್ಷ ತುಂಬುವ ಮೊದಲು ಮೇಲುಹಾಲು ಮುಖ್ಯ ಆಹಾರ ಆಗಬಾರದು, ಆದರೆ ಆಗಿತ್ತು.

ಎದೆ ಮಾತ್ರ ನಿಂತಿರಲಿಲ್ಲ. ಸಂಜೆ ಅಣ್ಣಿಗೇರಿ ದಾಟುವಾಗ ಹಾಲು ಕಟ್ಟಿ ಎರಡೂ ಕಡೆ ಕಲ್ಲಾಗುತ್ತಿತ್ತು. ರವಿಕೆ ಒಳಗೆ ಮಡಚಿಟ್ಟ ಹತ್ತಿ ಬಟ್ಟೆ ಒದ್ದೆಯಾಗುತ್ತಿತ್ತು, ಮೇಲೆ ಸೆರಗು ಎರಡು ಸುತ್ತು. ಇಂಥ ತಾಯಿಗೆ "ನಾಳೆಯಿಂದ ಬಿಡಸು" ಅಂದರೆ ಏನಾಗುತ್ತದೆ ನೋಡಿ.

ಬೇವಿನ ಎಲೆ

ಅತ್ತೆಯ ಯೋಜನೆ ಸಿದ್ಧವಾಗಿತ್ತು. ಬೇವಿನೆಲೆ ಅರೆದು ಎದೆಗೆ ಹಚ್ಚೋದು, ಕೂಸನ್ನು ಎಂಟು ದಿನ ಬ್ಯಾಡಗಿಗೆ ಕಳಿಸೋದು, ತಾಯಿ ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟೋದು. ನಮ್ಮ ಕಡೆ ಎಷ್ಟೋ ಮನೆಯಲ್ಲಿ ಹೀಗೇ ಬಿಡಿಸುತ್ತಾರೆ. ಎಷ್ಟೋ ಮಕ್ಕಳು ಆರಾಮಾಗಿಯೇ ಬಿಟ್ಟಿದ್ದಾರೆ. ಆದರೆ ಆರು ಸಲ ಕುಡಿಸುತ್ತಿದ್ದ ತಾಯಿ ಒಂದೇ ದಿನಕ್ಕೆ ನಿಲ್ಲಿಸಿದರೆ ಹಾಲು ಕಟ್ಟಿ, ಕೆಂಪಾಗಿ, ಚಳಿಜ್ವರ ಬಂದು ಕೀವಾಗುವವರೆಗೂ ಹೋಗಬಹುದು. ಬಿಗಿ ಬಟ್ಟೆ ಅದನ್ನು ಇನ್ನೂ ಕೆಡಿಸುತ್ತದೆ. (ಬೇವಿನೆಲೆ ಬದಲು ಬೇವಿನ ಎಣ್ಣೆ ಹಚ್ಚುವವರೂ ಇದ್ದಾರೆ. ಅದು ಖಂಡಿತಾ ಬೇಡ. ಚಿಕ್ಕ ಮಕ್ಕಳ ಹೊಟ್ಟೆಗೆ ಹೋದರೆ ವಿಷ.) ಈ ಮಗುವಿನ ವಿಷಯದಲ್ಲಂತೂ ಎದೆಹಾಲು ತೆಗೆದರೆ ಆ ಜಾಗಕ್ಕೆ ಬರುತ್ತಿದ್ದದ್ದು ಊಟ ಅಲ್ಲ, ನಾಲ್ಕನೇ ಬಾಟಲಿ.

ಅದಕ್ಕೇ ನಾನು ಆಕೆಯ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿದೆ. ಎಷ್ಟು ತಿಂಗಳು ಅಂತ ಬೇಡ, ಯಾವ ಹೊತ್ತಿನದು ಅಂತ ನೋಡೋಣ. ಆರು ಸಲದ ಹಾಲು ಆರು ಬೇರೆ ಕೆಲಸ ಮಾಡುತ್ತಿರುತ್ತದೆ. ಬೆಳಗಿನದು ನಿಜವಾದ ಹಸಿವಿಗೆ. ಸಂಜೆಯದು ಹನ್ನೊಂದು ತಾಸು ತಾಯಿ ಇಲ್ಲದ ಮಗು ತಾಯಿಯನ್ನು ಸೇರಿಕೊಳ್ಳೋದಕ್ಕೆ, ಅಲ್ಲಿ ಹಾಲು ಒಂದು ನೆಪವೂ ಹೌದು. ಮಲಗುವಾಗಿನದು ನಿದ್ದೆಗೆ. ನಡುರಾತ್ರಿಯ ಮೂರು, ಎಚ್ಚರವಾದಾಗ ಮತ್ತೆ ಮಲಗಲು ಬೇರೆ ದಾರಿ ಗೊತ್ತಿಲ್ಲ ಅಂತ. ಇದರಲ್ಲಿ ಊಟಕ್ಕೆ ಅಡ್ಡ ಬರುತ್ತಿದ್ದದ್ದು ರಾತ್ರಿಯವು ಮಾತ್ರ, ಅದೂ ಬಾಟಲಿಯ ಮುಂದೆ ಏನೂ ಅಲ್ಲ. ತಾಯಿಯ ನಿದ್ದೆ ಕೆಡಿಸುತ್ತಿದ್ದದ್ದೂ ಅವೇ. ಹಾಗಾಗಿ ಮೊದಲು ಬಾಟಲಿ, ಆಮೇಲೆ ನಡುರಾತ್ರಿ, ಉಳಿದ ಮೂರನ್ನು ಮುಟ್ಟೋದು ಬೇಡ ಅಂತ ಮಾತಾಯಿತು.

ಅತ್ತೆಯನ್ನು ಕರೆದುಕೊಂಡು ಬನ್ನಿ ಅಂದೆ. ಬಂದರು. ಕೂತವರೇ, "ನೀವ ಹೇಳ್ರಿ ಅಕ್ಕಾರ, ನನ್ನ ಮಾತು ಇಕಿ ಕೇಳಂಗಿಲ್ಲ" ಅಂತ ಶುರು ಮಾಡಿದರು. ನಾನು ಎದೆಹಾಲಿನ ವಿಷಯ ಎತ್ತಲೇ ಇಲ್ಲ. ಹಗಲು ಹ್ಯಾಂಗ ಸಾಗತೈತಿ ಅಂತ ಕೇಳಿದೆ. ಮಂಡಿನೋವಿನಿಂದ ಹಿಡಿದು ಎಲ್ಲಾ ಹೇಳಿಕೊಂಡರು. ಬಾಟಲಿ ಬಿಟ್ಟು ಸ್ಟೀಲ್ ಲೋಟದಲ್ಲಿ, ನೀರು ಬೆರೆಸದೆ, ಸಕ್ಕರೆ ಹಾಕದೆ, ದಿನಕ್ಕೆ ಎರಡೇ ಸಲ ಅರ್ಧರ್ಧ ಲೋಟ ಕೊಡೋದಕ್ಕೆ ಒಪ್ಪಿದರು. ಚಹಾ ಬಿಡಲು ಮಾತ್ರ ತುಂಬಾ ಚೌಕಾಶಿ ಆಯಿತು. "ಒಂದ ಗುಟುಕ್ರಿ, ಅದರಾಗೇನೈತಿ" ಅಂತ. ಕೊನೆಗೆ ಅವರು ಚಹಾ ಕುಡಿಯುವ ಹೊತ್ತಿಗೆ ಮೊಮ್ಮಗಳಿಗೆ ಬೇರೆ ಬಟ್ಟಲಲ್ಲಿ ಕಿವುಚಿದ ಬಾಳೆಹಣ್ಣು ಅಂತ ಆಯಿತು.

ಊಟದ ವಿಷಯದಲ್ಲಿ ಹೊಸ ಪದಾರ್ಥ ಏನೂ ಬೇಕಿರಲಿಲ್ಲ, ಮನೆಯಲ್ಲಿ ಮಾಡುವುದನ್ನೇ ಗಟ್ಟಿ ಮಾಡಬೇಕಿತ್ತು. ಬೇಳೆ ಕಟ್ಟು ಅಂದರೆ ಮೇಲಿನ ತಿಳಿ, ಬೇಳೆಯೆಲ್ಲಾ ಕೆಳಗೇ ಉಳಿಯುತ್ತದೆ. ಚಮಚ ಓರೆ ಮಾಡಿದರೆ ಸುರಿದು ಹೋಗಬಾರದು, ಅಷ್ಟು ಗಟ್ಟಿ ಇರಬೇಕು. ಬಿಸಿ ಜೋಳದ ರೊಟ್ಟಿಯನ್ನು ಹೆಸರುಬೇಳೆಯಲ್ಲಿ ನೆನೆಸಿ ಕಿವುಚಿ, ಮೆಂತ್ಯ ಅಥವಾ ರಾಜಗಿರಿ ಪಲ್ಯ ಸೇರಿಸಿ, ಮೇಲೆ ಒಂದು ಚಮಚ ತುಪ್ಪ, ನಾಲ್ಕು ಹನಿ ಲಿಂಬೆ. ಹುಳಿ ಇದ್ದರೆ ಸೊಪ್ಪಿನ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಅವರ ಮನೆಯಲ್ಲಿ ಮೊಟ್ಟೆ ಇಲ್ಲ, ಹಾಗಾಗಿ ಕಾಳು, ಗಟ್ಟಿ ಮೊಸರು, ಖಾರ ಹಾಕದ ಶೇಂಗಾ ಪುಡಿ. ಅಂಗನವಾಡಿಯಲ್ಲಿ ಕೊಡುವ ಪುಷ್ಟಿ ಹಿಟ್ಟಿನ ಪೊಟ್ಟಣ ಡಬ್ಬಿಯಲ್ಲಿ ಬಿದ್ದಿತ್ತು, ಅದೂ ಸಂಜೆ ಐದರ ಬಿಸ್ಕೀಟಿನ ಜಾಗಕ್ಕೆ ಬಂತು. ಒಂದರಿಂದ ಎರಡು ವರ್ಷದ ಮಗು ದಿನಕ್ಕೆ ಮೂರು-ನಾಲ್ಕು ಸಲ, ಸಲಕ್ಕೆ ಮುಕ್ಕಾಲರಿಂದ ಒಂದು ಬಟ್ಟಲು ತಿನ್ನಬೇಕು, 250 ಮಿಲಿ ಬಟ್ಟಲು. ಮೊದಲ ವಾರ ಕಾಲು ಬಟ್ಟಲೂ ಹೋಗಲಿಲ್ಲ. ಬಾಟಲಿ ಇಲ್ಲದೆ ಮಗು ಅತ್ತಿತು, ಅಜ್ಜಿಯೂ ಕಣ್ಣೀರು ಹಾಕಿದರಂತೆ. ಕಬ್ಬಿಣದ ಸಿರಪ್ ಅನ್ನು ಡಾಕ್ಟರು ಬರೆದ ಪ್ರಮಾಣದಲ್ಲಿ, ಹಾಲಿನ ಜೊತೆಗಲ್ಲದೆ ಕೊಟ್ಟರು. ಮಲ ಕಪ್ಪಾಯಿತು ಅಂತ ಗಾಬರಿಯಿಂದ ಫೋನ್ ಬಂತು. ಅದು ಸಹಜ.

ಎರಡನೇ ವಾರ ದಾಟಿದ ಮೇಲೆ ಮಗು ತಾನೇ ಬಟ್ಟಲಿಗೆ ಕೈ ಹಾಕಲು ಶುರು ಮಾಡಿತು. ಎದೆಹಾಲು ಆಗಲೂ ಆರು ಸಲವೇ ಇತ್ತು, ಒಂದನ್ನೂ ಕಡಿಮೆ ಮಾಡಿರಲಿಲ್ಲ. ಇದೇ ನನಗೆ ಬೇಕಿದ್ದ ಪುರಾವೆ.

ರಾತ್ರಿಯ ಪಾಳಿ

ನಡುರಾತ್ರಿಯದನ್ನು ಬಿಡಿಸಿದ್ದು ಗಂಡ. ತಾಯಿ ಪಕ್ಕದಲ್ಲೇ ಮಲಗಿದ್ದರೆ ವಾಸನೆಗೇ ಮಗು ಎಳೆದಾಡುತ್ತದೆ, ಅದಕ್ಕೆ ಆಕೆ ಅತ್ತೆ ಕೋಣೆಗೆ ಹೋದರು. ಮೊದಲು ಎರಡೂವರೆಯದು, ಐದಾರು ದಿನ ಬಿಟ್ಟು ಹನ್ನೆರಡರದು. ಅಪ್ಪ ಎತ್ತಿಕೊಂಡು ಬೆನ್ನು ತಟ್ಟೋದು, ಲೋಟದಲ್ಲಿ ಒಂದು ಗುಟುಕು ನೀರು, ಮತ್ತೆ ತಟ್ಟೋದು. ಒಂದೊಂದೇ ತೆಗೆದಿದ್ದಕ್ಕೆ ಎದೆಯೂ ಹೊಂದಿಕೊಂಡಿತು. ಕಟ್ಟಿದಂತಾದಾಗ ಹಗುರಾಗುವಷ್ಟು ಮಾತ್ರ ಹಿಂಡಿ, ತಣ್ಣೀರ ಬಟ್ಟೆ ಇಡೋದು. ಪೂರ್ತಿ ಹಿಂಡಿದರೆ ಮತ್ತೆ ಅಷ್ಟೇ ತುಂಬುತ್ತದೆ. ನಾಲ್ಕೂವರೆಯದನ್ನು ಗಂಡ ಗೆಲ್ಲಲಾಗಲಿಲ್ಲ, ಅದು ಬೆಳಗಿನದರ ಜೊತೆ ಸೇರಿ ಐದಕ್ಕೆ ಬಂದು ನಿಂತಿತು.

16ನೇ ತಿಂಗಳಲ್ಲಿ, ಮಳೆಗಾಲದಲ್ಲಿ, ಮಗುವಿಗೆ ವಾಂತಿ-ಭೇದಿ ಶುರುವಾಯಿತು. ರೊಟ್ಟಿ, ಬೇಳೆ, ಮೊಸರು ಏನೂ ಬೇಡ. ಓಆರ್‌ಎಸ್ ಚಮಚದಲ್ಲಿ ಹೋಗುತ್ತಿತ್ತು, ಜೊತೆಗೆ ಎದೆಹಾಲು. ಬಿಡಿಸಿದ್ದ ರಾತ್ರಿ ಹಾಲನ್ನು ಆ ವಾರ ಮತ್ತೆ ಕೊಡಿ ಅಂತ ನಾನೇ ಹೇಳಿದೆ, ಅಷ್ಟರಲ್ಲಿ ಅತ್ತೆ ಹೇಳಿ ಆಗಿತ್ತು: "ಕುಡಸವಾ, ಅದೊಂದರ ಒಳಗ ನಿಲ್ಲಾಕತ್ತೈತಿ." ಆಶಾ ಕಾರ್ಯಕರ್ತೆ ತಂದುಕೊಟ್ಟ ಜಿಂಕ್ ಮಾತ್ರೆಯನ್ನು ಭೇದಿ ನಿಂತ ಮೇಲೂ 14 ದಿನ ಪೂರ್ತಿ ಕೊಟ್ಟರು. ರಾತ್ರಿ ಹಾಲನ್ನು ಮತ್ತೆ ಬಿಡಿಸಲು ಎರಡನೇ ಸಲ ಅಷ್ಟು ಕಷ್ಟ ಆಗಲಿಲ್ಲ.

17 ತಿಂಗಳಿಗೆ ತೂಕ 8.7 ಕಿಲೋ, ಹಿಮೋಗ್ಲೋಬಿನ್ 11ರ ಮೇಲೆ. ತಾಯಿಯೂ ಕಬ್ಬಿಣದ ಮಾತ್ರೆ ತಗೊಂಡು ಸುಧಾರಿಸಿದ್ದರು.

ಹಲ್ಲಿನ ವಿಷಯ ಸ್ವಲ್ಪ. ಮೇಲಿನ ಮುಂದಿನ ಹಲ್ಲುಗಳ ಬುಡದಲ್ಲಿ ಬಿಳಿ ಗೆರೆ ಕಂಡಿತ್ತು. ಸಕ್ಕರೆ ಬಾಟಲಿ ಬಾಯಲ್ಲಿಟ್ಟು ಮಲಗುವ ಮಕ್ಕಳಲ್ಲಿ ಹುಳುಕು ಶುರುವಾಗುವುದು ಹೀಗೇ. ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಚ್ಚಿ ದಿನಕ್ಕೆರಡು ಸಲ ಉಜ್ಜಿಸಲು ದಂತವೈದ್ಯರು ಹೇಳಿದರು, ಅದಕ್ಕಾಗಿ ಎದೆಹಾಲು ನಿಲ್ಲಿಸಿ ಅನ್ನಲಿಲ್ಲ.

ಕೊನೆಗೆ ನಿಂತದ್ದು

20 ತಿಂಗಳ ಹೊತ್ತಿಗೆ ಉಳಿದದ್ದು ಬೆಳಗಿನದು, ಸಂಜೆಯದು, ಮಲಗುವಾಗಿನದು. ಆಗ ಆಕೆ ಫೋನ್ ಮಾಡಿ, ತಗ್ಗಿದ ದನಿಯಲ್ಲಿ, "ಅಕ್ಕಾ, ನನಗ ಸಾಕಾಗೇತ್ರಿ" ಅಂದರು. ಯಾರ ಒತ್ತಾಯವೂ ಇರಲಿಲ್ಲ, ಮಗು ಚೆನ್ನಾಗಿತ್ತು, ಸುಮ್ನೆ ಸಾಕಾಗಿತ್ತು. ಎರಡು ವರ್ಷ ಆಗುವ ಮೊದಲೇ ಬಿಟ್ಟರೆ ತಪ್ಪಾ ಅಂತ ಕೇಳಿದರು. ಇಂಥ ಹೊತ್ತಲ್ಲಿ "ಇನ್ನು ನಾಲ್ಕೇ ತಿಂಗಳು" ಅಂತ ಹುರಿದುಂಬಿಸುವವರು ತುಂಬಾ ಜನ. ನನಗೆ ಅದು ಸರಿ ಕಾಣಲ್ಲ. ಮಗು ಮೂರು ಹೊತ್ತು ಸರಿಯಾಗಿ ಉಣ್ಣುತ್ತಿರುವಾಗ ತಾಯಿಗೆ ಸಾಕಾಗಿದೆ ಅನ್ನೋದೇ ಸಾಕಷ್ಟು ಕಾರಣ. ಹಾಗೇ ಹೇಳಿದೆ.

ಮಲಗುವಾಗಿನದನ್ನು ಮೊದಲು ಬಿಟ್ಟರು, ಯಾಕೆಂದರೆ ಅಪ್ಪನ ಬೆನ್ನು ತಟ್ಟುವಿಕೆ ಆಗಲೇ ಕೆಲಸ ಮಾಡುತ್ತಿತ್ತು. ಬೆಳಗಿನದು ಎದ್ದ ತಕ್ಷಣ ಅಜ್ಜಿ ಜೊತೆ ಹೂವು ಕೀಳಲು ಹೋಗುವ ಗಡಿಬಿಡಿಯಲ್ಲಿ ಮರೆತೇ ಹೋಯಿತು. ಸಂಜೆಯದೊಂದನ್ನು ಆಕೆಯೇ ಇಟ್ಟುಕೊಂಡರು. ಸಾಕಾಗಿದೆ ಅಂದವರು ಇದನ್ನು ಯಾಕೆ ಉಳಿಸಿಕೊಂಡಿರಿ ಅಂದಿದ್ದಕ್ಕೆ, "ಅದು ನಂದು" ಅಂದರು. ಅದು ಎರಡು ವರ್ಷ ದಾಟಿಯೂ ಕೆಲವು ವಾರ ನಡೆಯಿತು, ಆಮೇಲೆ ದಿನ ಬಿಟ್ಟು ದಿನ ಆಗಿ ನಿಂತಿತು. ಎರಡು ವರ್ಷಕ್ಕೆ ತೂಕ 10.4 ಕಿಲೋ.

ನಿಂತು ತಿಂಗಳಾದರೂ ಒತ್ತಿದರೆ ಎರಡು ಹನಿ ಬರುತ್ತದೆ ಅಂತ ಮೊನ್ನೆ ಕೇಳಿದ್ದರು. ಕೆಲವರಿಗೆ ವಾರಗಟ್ಟಲೆ, ತಿಂಗಳುಗಟ್ಟಲೆ ಹಾಗೆ ಬರುತ್ತದೆ. ಬರುತ್ತಾ ಅಂತ ದಿನಾ ಒತ್ತಿ ನೋಡುತ್ತಿದ್ದರೆ ಇನ್ನೂ ಬರುತ್ತಲೇ ಇರುತ್ತದೆ. ರಕ್ತ ಬೆರೆತು ಬಂದರೆ, ಗಂಟು ಸಿಕ್ಕರೆ, ಅಥವಾ ಒಂದೇ ಕಡೆ ಕೆಂಪಾಗಿ ಜ್ವರ ಬಂದರೆ ಮಾತ್ರ ಡಾಕ್ಟರಿಗೆ ತೋರಿಸಿ ಅಂದಿದ್ದೇನೆ.